ಹಳೆಯ ಸರ್ವರ್ ಇಳಿಸಿ ಹೊಸದನ್ನು ಏರಿಸುವುದು: ಆಸ್ಪತ್ರೆಯೊಂದರಲ್ಲಿ ನಾನು ಕಲಿತ ಪಾಠ

ಈ ಲೇಖನವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ನಮ್ಮ ಅಬ್ಬಾ ಅವರದು ಕಬ್ಬಿಣ ಮತ್ತು ಸಿಮೆಂಟಿನ ಅಂಗಡಿ. ನಾನು ಪ್ರಥಮ ಪಿಯುಸಿಗೆ ಸೇರಿ ಅಕೌಂಟೆನ್ಸಿ ಓದಲು ಶುರು ಮಾಡಿದ ಮೇಲೆ ಅಂಗಡಿಯ ಕಂಪ್ಯೂಟರ್ ಲೆಕ್ಕ ನನ್ನ ಪಾಲಿಗೆ ಬಂತು. "ವಾರಕ್ಕೊಂದು ಸಲ ಪೆನ್ ಡ್ರೈವ್‌ಗೆ ಕಾಪಿ ಮಾಡಿ ಇಡು ಬೇಟಾ" ಎಂದು ಅಬ್ಬಾ ಹೇಳಿದ್ದರು. ನಾನು ಪ್ರತಿ ಶುಕ್ರವಾರ ಸಂಜೆ ತಪ್ಪದೆ ಮಾಡುತ್ತಿದ್ದೆ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ದಿನ ಕಂಪ್ಯೂಟರ್ ಚಾಲೂ ಆಗಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ರಿಪೇರಿಯವರು ಹೇಳಿದರು. ನಾನು ಧೈರ್ಯವಾಗಿಯೇ ಪೆನ್ ಡ್ರೈವ್ ತಂದು ಕೊಟ್ಟೆ. ಅದರಲ್ಲಿ ಇದ್ದದ್ದು ಲೆಕ್ಕವಲ್ಲ, ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಮಾತ್ರ. ಗಾತ್ರ 2 ಕೆಬಿ. ಒಂದು ವರ್ಷ ಪೂರ್ತಿ ನಾನು ಮನೆಯ ವಿಳಾಸವನ್ನು ಕಾಪಿ ಮಾಡುತ್ತಿದ್ದೆ, ಮನೆಯನ್ನಲ್ಲ.

ಉದ್ರಿ ಲೆಕ್ಕವೆಲ್ಲ ಹೋಯಿತು. ಬಹಳಷ್ಟು ಗಿರಾಕಿಗಳು ತಾವೇ ಬಂದು ತಮ್ಮ ಬಾಕಿ ಹೇಳಿದರು. ಕೆಲವರು ಹೇಳಲಿಲ್ಲ. ಅಬ್ಬಾ ನನ್ನನ್ನು ಬೈಯಲಿಲ್ಲ. ಅಟ್ಟದ ಮೇಲಿಂದ ಹಳೆಯ ಕಿರ್ದಿ ಪುಸ್ತಕ ಇಳಿಸಿ, ಧೂಳು ಒರೆಸಿ, ಕೈಯಿಂದ ಬರೆಯಲು ಕುಳಿತರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ವಿಷಯ ತಿಳಿದ ನನ್ನ ಮಾಮು, "ದಸರಾ ರಜೆಯಲ್ಲಿ ನನ್ನ ಜೊತೆ ಬಾ, ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಹೇಗೆ ಮಾಡುತ್ತಾರೆ ಎಂದು ನೋಡು" ಎಂದರು. ಮಾಮು ಆಸ್ಪತ್ರೆ, ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರು. ಆಗ ಅವರ ಕೈಯಲ್ಲಿದ್ದ ಕೆಲಸ ಒಂದು ಆಸ್ಪತ್ರೆಯ ಎರಡು ಹಳೆಯ ಸ್ಟೋರೇಜ್ ಸರ್ವರ್‌ಗಳನ್ನು ತೆಗೆದು ಎರಡು ಹೊಸದನ್ನು ಹಾಕುವುದು. ಷರತ್ತು ಒಂದೇ: ಆಸ್ಪತ್ರೆಯ ಕೆಲಸ ನಿಲ್ಲಬಾರದು. ಆಸ್ಪತ್ರೆಯವರ ಒಪ್ಪಿಗೆ ಪಡೆದು ನನ್ನನ್ನು ಕರೆದುಕೊಂಡು ಹೋದರು. ನನಗೆ ಕೊಟ್ಟ ಕೆಲಸ ಒಂದು ನೋಟ್‌ಬುಕ್‌ನಲ್ಲಿ ವೇಳೆ ಮತ್ತು ಏನು ಮಾಡಿದರು ಎಂಬುದನ್ನು ಬರೆಯುವುದು. ಮಾಮು ಉರ್ದುವಿನಲ್ಲಿ ವಿವರಿಸಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಮರ್ಸ್‌ನವರಿಗೂ ಅರ್ಥವಾಗಬೇಕು ಎಂಬುದು ನನ್ನ ಆಸೆ.

1. ಮೊದಲು ಮೂರು ಪದಗಳು

ಸ್ಟೋರೇಜ್ ಸರ್ವರ್: ಕಡತಗಳನ್ನು ಒಂದೇ ಕಡೆ ಇಟ್ಟು, ನೆಟ್‌ವರ್ಕ್ ಮೂಲಕ ಎಲ್ಲ ಕಂಪ್ಯೂಟರ್‌ಗಳಿಗೂ ಒದಗಿಸುವ ಯಂತ್ರ. ದೂರದ ಯಂತ್ರದ ಕಡತವನ್ನು ನಮ್ಮದೇ ಯಂತ್ರದಲ್ಲಿರುವಂತೆ ಬಳಸಲು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಎಂಬ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆಸ್ಪತ್ರೆಯಲ್ಲಿ ಎಕ್ಸ್-ರೇ, ಸ್ಕ್ಯಾನ್, ಲ್ಯಾಬ್ ವರದಿ ಎಲ್ಲವೂ ಈ ಸರ್ವರ್‌ನಲ್ಲಿರುತ್ತವೆ.

ರೇಡ್: ಒಂದು ಸರ್ವರ್ ಒಳಗೆ ಹಲವು ಡಿಸ್ಕ್‌ಗಳನ್ನು ಸೇರಿಸಿ, ಒಂದೆರಡು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ಏರ್ಪಾಡು. ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಆಸ್ಪತ್ರೆಯ ಸರ್ವರ್‌ನಲ್ಲಿ ತಲಾ 4 ಟಿಬಿಯ 8 ಡಿಸ್ಕ್‌ಗಳಿದ್ದವು. ಒಟ್ಟು 32 ಟಿಬಿ. ರೇಡ್ 6 ವಿಧಾನದಲ್ಲಿ ಎರಡು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಹೋಗುತ್ತದೆ. ಬಳಸಲು ಸಿಗುವುದು 24 ಟಿಬಿ. ಯಾವ ಎರಡು ಡಿಸ್ಕ್ ಕೆಟ್ಟರೂ ಮಾಹಿತಿ ಹೋಗುವುದಿಲ್ಲ.

ಕ್ಲಸ್ಟರ್: ಡಿಸ್ಕ್ ಅಲ್ಲ, ಇಡೀ ಸರ್ವರ್ರೇ ಕೆಟ್ಟರೆ? ಅದಕ್ಕಾಗಿ ಎರಡು ಸರ್ವರ್. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಅದೇ ಮಾಹಿತಿಯನ್ನು ಇಟ್ಟುಕೊಂಡು ಕಾಯುತ್ತದೆ. ಮೊದಲನೆಯದು ನಿಂತರೆ ಎರಡನೆಯದು ತಾನಾಗಿ ಕೆಲಸ ಕೈಗೆತ್ತಿಕೊಳ್ಳುತ್ತದೆ. ಇದಕ್ಕೆ ಫೇಲ್‌ಓವರ್ ಎನ್ನುತ್ತಾರೆ. ಬಳಸುವವರಿಗೆ ಎರಡು ಸರ್ವರ್ ಇರುವುದು ಗೊತ್ತಾಗದಂತೆ ಒಂದು ಸಾಮಾನ್ಯ ಐಪಿ ವಿಳಾಸ ಇರುತ್ತದೆ. ಯಾವ ಸರ್ವರ್ ಕೆಲಸದಲ್ಲಿದೆಯೋ ಅದರ ಬಳಿ ಆ ವಿಳಾಸ ಇರುತ್ತದೆ.

ಈ ಮೂರರ ಜೊತೆ ನಾಲ್ಕನೆಯದನ್ನು ಬೆರೆಸಬಾರದು. ಅದು ಬ್ಯಾಕಪ್. ತಪ್ಪಿ ಒಂದು ಕಡತ ಅಳಿಸಿದರೆ ರೇಡ್ ಎಲ್ಲ ಡಿಸ್ಕ್‌ಗಳಿಂದಲೂ ಅಳಿಸುತ್ತದೆ, ಕ್ಲಸ್ಟರ್ ಎರಡೂ ಸರ್ವರ್‌ಗಳಿಂದ ಅಳಿಸುತ್ತದೆ. ನಿನ್ನೆಯ ಸ್ಥಿತಿಯನ್ನು ಹಿಂದಕ್ಕೆ ಕೊಡುವುದು ಬ್ಯಾಕಪ್ ಮಾತ್ರ.

2. ಎರಡು ಇದ್ದರೆ ಎಷ್ಟು ಲಾಭ? ಒಂದು ಸಂಭವನೀಯತೆಯ ಲೆಕ್ಕ

ಒಂದು ಸರ್ವರ್ ವರ್ಷದ ಶೇ. 99 ಸಮಯ ಸರಿಯಾಗಿರುತ್ತದೆ ಎಂದುಕೊಳ್ಳೋಣ. ಕೇಳಲು ಡಿಸ್ಟಿಂಕ್ಷನ್ ಅಂಕದಂತಿದೆ. ಆದರೆ ವರ್ಷಕ್ಕೆ 8,760 ಗಂಟೆ, ಅದರ ಶೇ. 1 ಎಂದರೆ 87.6 ಗಂಟೆ, ಮೂರೂವರೆ ದಿನಕ್ಕಿಂತ ಹೆಚ್ಚು. ಆಸ್ಪತ್ರೆಗೆ ಇದು ನಡೆಯುವುದಿಲ್ಲ.

ಅಂಥವೇ ಎರಡು ಸರ್ವರ್ ಇದ್ದರೆ ಎರಡೂ ಒಟ್ಟಿಗೆ ಕೆಡುವ ಸಂಭವ 0.01 × 0.01 = 0.0001. ಅಂದರೆ ಶೇ. 99.99 ಸಮಯ ಕೆಲಸ ನಡೆಯುತ್ತದೆ. ವರ್ಷಕ್ಕೆ ನಿಲ್ಲುವುದು ಸುಮಾರು 52 ನಿಮಿಷ ಮಾತ್ರ.

ಇಲ್ಲಿ ಮಾಮು ನನ್ನನ್ನು ನಿಲ್ಲಿಸಿದರು. "ಗುಣಾಕಾರ ಮಾಡಿದೆಯಲ್ಲ, ಅದಕ್ಕೆ ನಿಮ್ಮ ಪುಸ್ತಕದಲ್ಲಿ ಏನು ಷರತ್ತು ಇದೆ?" ಷರತ್ತು ನೆನಪಾಯಿತು: ಎರಡು ಘಟನೆಗಳು ಸ್ವತಂತ್ರವಾಗಿರಬೇಕು. ಆಸ್ಪತ್ರೆಯ ಎರಡೂ ಸರ್ವರ್‌ಗಳನ್ನು ಒಂದೇ ದಿನ ಕೊಂಡಿದ್ದರು. ಎರಡಕ್ಕೂ 7 ವರ್ಷ. ಡಿಸ್ಕ್‌ಗಳು ಒಂದೇ ಕಂತಿನಲ್ಲಿ ತಯಾರಾದವು, ಒಂದೇ ಕೋಣೆಯ ಸೆಖೆ, ಒಂದೇ ಯುಪಿಎಸ್. ಅವು ಒಟ್ಟಿಗೇ ಮುದಿಯಾಗಿವೆ. ಒಂದು ಕೆಡುವ ಕಾಲದಲ್ಲೇ ಇನ್ನೊಂದೂ ಕೆಡಬಹುದು. ಹಾಗಾದರೆ 0.0001 ಎಂಬ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ. ಹಳೆಯ ಸರ್ವರ್ ಬದಲಿಸಬೇಕಾದ ನಿಜವಾದ ಕಾರಣ ಇದು. ಜೊತೆಗೆ ತಯಾರಕರ ವಾರಂಟಿ ಮುಗಿದಿರುತ್ತದೆ, ಬಿಡಿಭಾಗ ಸಿಗುವುದಿಲ್ಲ, ಸುರಕ್ಷತೆಯ ಅಪ್‌ಡೇಟ್‌ಗಳು ನಿಂತಿರುತ್ತವೆ.

3. ಸವಕಳಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಸರ್ವರ್ ಮತ್ತು ನೆಟ್‌ವರ್ಕ್‌ಗಳ ಬಾಳಿಕೆ 6 ವರ್ಷ ಎಂದಿದೆ. ನಾವು ಬಳಸುವ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಿಗೆ 3 ವರ್ಷ. ಉಳಿಕೆ ಮೌಲ್ಯ ಸಾಮಾನ್ಯವಾಗಿ ಮೂಲ ಬೆಲೆಯ ಶೇ. 5ನ್ನು ಮೀರಬಾರದು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರ್‌ಗಳಿಗೆ ಇಳಿಯುವ ಶಿಲ್ಕಿನ ಮೇಲೆ ಶೇ. 40 ಸವಕಳಿ.

ಲೆಕ್ಕಕ್ಕಾಗಿ ಒಂದು ಸರ್ವರ್‌ಗೆ 6,00,000 ರೂಪಾಯಿ ಎಂದುಕೊಳ್ಳಿ.

ಸ್ಥಿರ ಕಂತಿನ ವಿಧಾನ: ಉಳಿಕೆ ಮೌಲ್ಯ 30,000. ಸವಕಳಿ ಮಾಡಬೇಕಾದ ಮೊತ್ತ 5,70,000. ವರ್ಷಕ್ಕೆ 95,000. ಆರು ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವುದು 30,000.

ಇಳಿಯುವ ಶಿಲ್ಕಿನ ವಿಧಾನ, ಶೇ. 40: 6,00,000 ಮೊದಲ ವರ್ಷದ ಕೊನೆಗೆ 3,60,000, ನಂತರ 2,16,000, 1,29,600, 77,760, 46,656, ಆರನೆಯ ವರ್ಷದ ಕೊನೆಗೆ ಸುಮಾರು 27,994.

ಬೇರೆ ಬೇರೆ ದಾರಿಯಲ್ಲಿ ಹೋದರೂ ಎರಡೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಂತವು. ನನಗೆ ಖುಷಿಯಾಯಿತು. ಆದರೆ ಮಾಮು ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ: "ಈ 30,000 ರೂಪಾಯಿಯ ಪೆಟ್ಟಿಗೆಯೊಳಗೆ ಏಳು ವರ್ಷದ ರೋಗಿಗಳ ಸ್ಕ್ಯಾನ್‌ಗಳಿವೆ. ಅದರ ಬೆಲೆ ಅಢಾವೆ ಪತ್ರಿಕೆಯಲ್ಲಿ ಎಲ್ಲಿದೆ?" ಎಲ್ಲಿಯೂ ಇಲ್ಲ. ಪೆಟ್ಟಿಗೆಗೆ ಸವಕಳಿ ಇದೆ, ಒಳಗಿನ ಮಾಹಿತಿಗೆ ಪುಸ್ತಕದಲ್ಲಿ ಜಾಗವೇ ಇಲ್ಲ. ಅಬ್ಬಾ ಅವರ ಕಂಪ್ಯೂಟರ್‌ನ ಪುಸ್ತಕದ ಬೆಲೆಯೂ ಕೆಲವೇ ಸಾವಿರ ಇತ್ತು. ಹೋದದ್ದು ಅದಲ್ಲ.

4. ಅಂಗಡಿ, ಗೋಡೌನ್ ಮತ್ತು ಎರಡು ತಲೆಯ ತೊಂದರೆ

ಕ್ಲಸ್ಟರ್‌ನ ಕಷ್ಟದ ಭಾಗವನ್ನು ನಾನು ನಮ್ಮ ಅಂಗಡಿಯಿಂದಲೇ ಅರ್ಥ ಮಾಡಿಕೊಂಡೆ.

ಅಬ್ಬಾ ಅಂಗಡಿಯಲ್ಲಿರುತ್ತಾರೆ, ಚಾಚಾ ಬೈಪಾಸ್ ಹತ್ತಿರದ ಗೋಡೌನ್‌ನಲ್ಲಿ. ಇಬ್ಬರ ಬಳಿಯೂ ಸ್ಟಾಕ್ ಪುಸ್ತಕ ಇದೆ ಎಂದುಕೊಳ್ಳಿ. ಅಬ್ಬಾ ಒಂದು ಮಾರಾಟ ಬರೆದಾಗ ಚಾಚಾಗೆ ಫೋನ್ ಮಾಡುತ್ತಾರೆ. "ನಾನೂ ಬರೆದೆ ಭಾಯಿ" ಎಂದು ಚಾಚಾ ಹೇಳಿದ ಮೇಲೆಯೇ ಗಿರಾಕಿಗೆ ಬಿಲ್ಲು. ಸರ್ವರ್‌ಗಳಲ್ಲಿ ಇದು ಸಿಂಕ್ರೊನಸ್ ಪ್ರತಿ. ಎರಡೂ ಕಡೆ ಬರೆದಾದ ಮೇಲೆಯೇ "ಆಯಿತು" ಎನ್ನುತ್ತದೆ. ಸ್ವಲ್ಪ ನಿಧಾನ, ಆದರೆ ಎರಡು ಪುಸ್ತಕವೂ ತಾಳೆಯಾಗುತ್ತವೆ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಡಿಆರ್‌ಬಿಡಿ ಎಂಬ ತಂತ್ರಾಂಶ 2010ರಲ್ಲಿ ಲಿನಕ್ಸ್ ಕರ್ನೆಲ್‌ನ ಭಾಗವೇ ಆಯಿತು.

ಈಗ ಫೋನ್ ಲೈನ್ ಕೆಟ್ಟಿತು. ಅಂಗಡಿ ಮುಚ್ಚಿದೆ ಎಂದು ಚಾಚಾ ತಿಳಿದರು. ಗೋಡೌನ್ ಮುಚ್ಚಿದೆ ಎಂದು ಅಬ್ಬಾ ತಿಳಿದರು. ಉಳಿದಿದ್ದ 40 ಚೀಲ ಸಿಮೆಂಟನ್ನು ಇಬ್ಬರೂ ಬೇರೆ ಬೇರೆ ಗಿರಾಕಿಗೆ ಮಾರಿದರು. ಫೋನ್ ಸರಿಯಾದ ಮೇಲೆ ಯಾರ ಪುಸ್ತಕ ಸರಿ? ಎರಡೂ ಸರಿ, ಎರಡೂ ತಪ್ಪು. ಇದನ್ನೇ ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಒಂದು ದೇಹಕ್ಕೆ ಎರಡು ತಲೆ ಬಂದಂತೆ. ಸರ್ವರ್ ನಿಲ್ಲುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ನಿಂತರೆ ಕೂಡಲೇ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ.

ಪರಿಹಾರ ಎರಡು. ಒಂದು, ಮೂರನೆಯ ಸಾಕ್ಷಿ. ಗುಮಾಸ್ತರೊಬ್ಬರು ಯಾರ ಕಡೆ ಇದ್ದಾರೋ ಅವರು ಮಾತ್ರ ಮಾರಬಹುದು. ಮೂರರಲ್ಲಿ ಎರಡು ಮತ ಬಂದರೆ ಬಹುಮತ. ಇದು ಕೋರಂ. ಇನ್ನೊಂದು, ಮಾರುವ ಮೊದಲು ಇನ್ನೊಂದು ಕಡೆಯ ಬೀಗದ ಕೈ ಕಿತ್ತುಕೊಳ್ಳುವುದು. ಅಂದರೆ ಸಂಶಯ ಬಂದ ಸರ್ವರ್‌ನ ವಿದ್ಯುತ್ತನ್ನೇ ಕಡಿತಗೊಳಿಸುವುದು. ಇದು ಫೆನ್ಸಿಂಗ್.

ಇದು ದೊಡ್ಡವರಿಗೂ ತಪ್ಪಿದ್ದಲ್ಲ. 2018ರ ಅಕ್ಟೋಬರ್ 21ರಂದು ಅಮೆರಿಕದ ಗಿಟ್‌ಹಬ್ ಸಂಸ್ಥೆಯಲ್ಲಿ ಕೆಡುತ್ತಿದ್ದ ಒಂದು ನೆಟ್‌ವರ್ಕ್ ಸಾಧನವನ್ನು ಬದಲಿಸುವ ದಿನನಿತ್ಯದ ಕೆಲಸ ನಡೆದಿತ್ತು. ಸಂಪರ್ಕ ಕಡಿದದ್ದು ಬರೀ 43 ಸೆಕೆಂಡು. ಅಷ್ಟರಲ್ಲಿ ಪಶ್ಚಿಮ ತೀರದ ಡೇಟಾಬೇಸ್ ಸರ್ವರ್‌ಗಳು ಮುಖ್ಯ ಸ್ಥಾನಕ್ಕೆ ಏರಿದವು. ಪೂರ್ವ ತೀರದಲ್ಲಿ ಬರೆದ ಕೆಲವು ಸೆಕೆಂಡುಗಳ ದಾಖಲೆ ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಹೊಸ ದಾಖಲೆಗಳು ಶುರುವಾಗಿದ್ದವು. ಎರಡನ್ನೂ ತಾಳೆ ಮಾಡಿ ಸರಿಪಡಿಸುವವರೆಗೆ 24 ಗಂಟೆ 11 ನಿಮಿಷ ಸೇವೆ ಕುಂಟಿತು. ಬೇಗ ಶುರು ಮಾಡುವುದಕ್ಕಿಂತ ದಾಖಲೆ ಸರಿಯಾಗಿರುವುದು ಮುಖ್ಯ ಎಂದು ಅವರು ತೀರ್ಮಾನಿಸಿದ್ದರು. ನನಗೆ ಈ ತೀರ್ಮಾನ ಒಳ್ಳೆಯ ಅಕೌಂಟೆಂಟ್‌ನ ತೀರ್ಮಾನದಂತೆ ಕಂಡಿತು.

5. ಬದಲಿಸುವ ಎರಡು ದಾರಿ

ಹಳೆಯ ಸರ್ವರ್‌ಗಳನ್ನು ಎ ಮತ್ತು ಬಿ ಎನ್ನೋಣ, ಹೊಸವನ್ನು ಸಿ ಮತ್ತು ಡಿ. ಎ ಕೆಲಸದಲ್ಲಿದೆ, ಬಿ ಕಾಯುತ್ತಿದೆ.

ಮೊದಲ ದಾರಿ: ಬಿ ತೆಗೆದು ಆ ಜಾಗಕ್ಕೆ ಸಿ ಹಾಕು, ಎ ಯಿಂದ ಸಿ ಗೆ ಪ್ರತಿ ತುಂಬಿಸು, ಕೆಲಸ ಸಿ ಗೆ ವರ್ಗಾಯಿಸು, ಆಮೇಲೆ ಎ ತೆಗೆದು ಡಿ ಹಾಕು. ಇದು ಸುಲಭ. ಆದರೆ ಪ್ರತಿ ತುಂಬುವವರೆಗೆ ಇಡೀ ಆಸ್ಪತ್ರೆಗೆ ಇರುವುದು ಎ ಒಂದೇ. ಅದೂ ಏಳು ವರ್ಷ ಹಳೆಯದು, ಅದರ ಮೇಲೆಯೇ ಎಲ್ಲ ಮಾಹಿತಿಯನ್ನು ಓದುವ ಹೊರೆ.

ಆ ಹೊತ್ತು ಎಷ್ಟು? ಮಾಹಿತಿ 9 ಟಿಬಿ. ನೆಟ್‌ವರ್ಕ್ ವೇಗ ಸೆಕೆಂಡಿಗೆ 1 ಗಿಗಾಬಿಟ್. ವಾಸ್ತವದಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ. 90,00,000 ಎಂಬಿಯನ್ನು 110ರಿಂದ ಭಾಗಿಸಿದರೆ ಸುಮಾರು 81,800 ಸೆಕೆಂಡು. ಅಂದರೆ 22 ಗಂಟೆ 43 ನಿಮಿಷ. ಹಗಲು ಡಾಕ್ಟರುಗಳಿಗೆ ಸ್ಕ್ಯಾನ್ ನಿಧಾನವಾಗಬಾರದು ಎಂದು ವೇಗ ತಗ್ಗಿಸಿದರೆ ಇನ್ನೂ ಹೆಚ್ಚು.

ಎರಡನೆಯ ದಾರಿ: ಎ ಮತ್ತು ಬಿ ಎರಡನ್ನೂ ಹಾಗೆಯೇ ಬಿಟ್ಟು, ಸಿ ಯನ್ನು ಮೂರನೆಯ ಪ್ರತಿಯಾಗಿ ಸೇರಿಸು. ಅದು ತುಂಬಿದ ಮೇಲೆ ಡಿ ಸೇರಿಸು. ನಾಲ್ಕೂ ಸಮವಾದ ಮೇಲೆ ಕೆಲಸ ವರ್ಗಾಯಿಸು. ಇದಕ್ಕೆ ರ‍್ಯಾಕ್‌ನಲ್ಲಿ ಹೆಚ್ಚು ಜಾಗ, ಹೆಚ್ಚು ಕೇಬಲ್, ಹೆಚ್ಚು ದಿನ ಬೇಕು. ಆದರೆ ಯಾವ ಹೊತ್ತಿನಲ್ಲೂ ಪ್ರತಿಗಳು ಎರಡಕ್ಕಿಂತ ಕಡಿಮೆ ಇರುವುದಿಲ್ಲ. ಮಾಮು ಆರಿಸಿದ್ದು ಇದನ್ನು.

ಹೊಸದನ್ನೂ ಅವರು ಕುರುಡಾಗಿ ನಂಬಲಿಲ್ಲ. ತಂದ ಕೂಡಲೇ ಕೆಲಸಕ್ಕೆ ಹಚ್ಚದೆ ಹತ್ತು ದಿನ ಸುಮ್ಮನೆ ಬರೆಯುವ, ಓದುವ ಪರೀಕ್ಷೆ ನಡೆಸಿದರು. ಹೊಸ ಯಂತ್ರದಲ್ಲಿ ತಯಾರಿಕೆಯ ದೋಷವಿದ್ದರೆ ಮೊದಲ ದಿನಗಳಲ್ಲೇ ಹೊರಗೆ ಬರಲಿ ಎಂದು. ಡಿಸ್ಕ್‌ಗಳನ್ನು ಎರಡು ಬೇರೆ ಅಂಗಡಿಗಳಿಂದ, ಬೇರೆ ಕಂತುಗಳಿಂದ ತರಿಸಿದ್ದರು. ಈಗ ಅದರ ಕಾರಣ ನಿಮಗೂ ಗೊತ್ತು: ಸ್ವತಂತ್ರ ಘಟನೆಗಳು.

6. ಒಂದು ವಾರ ಮುಂದಕ್ಕೆ ಹೋದ ಕೆಲಸ

ಕೆಲಸ ಶುರುವಾಗುವ ಮೊದಲು ಮಾಮು ಬ್ಯಾಕಪ್‌ನಿಂದ 20 ಕಡತಗಳನ್ನು ಅಲ್ಲೊಂದು ಇಲ್ಲೊಂದು ಆರಿಸಿ ಬೇರೆ ಕಂಪ್ಯೂಟರ್‌ಗೆ ಇಳಿಸಿದರು. ಆಸ್ಪತ್ರೆಯ ಟೆಕ್ನೀಷಿಯನ್ ಒಂದೊಂದಾಗಿ ತೆರೆದು ನೋಡಿದರು. 17 ತೆರೆದವು, 3 ತೆರೆಯಲಿಲ್ಲ. ಮೂರೂ ಇತ್ತೀಚಿನವು. ಹುಡುಕಿದಾಗ ಬ್ಯಾಕಪ್ ಡಿಸ್ಕ್ ತುಂಬಿ ಹೋಗಿದ್ದು ಗೊತ್ತಾಯಿತು. ಕೊನೆಯ ಮೂರು ವಾರದ ಕಡತಗಳು ಅರ್ಧಂಬರ್ಧ ಬಂದಿದ್ದವು. ಯಾರೂ ಗಮನಿಸಿರಲಿಲ್ಲ.

ಮಾಮು ಕೆಲಸ ನಿಲ್ಲಿಸಿದರು. ಹೊಸ ಬ್ಯಾಕಪ್ ಪೂರ್ತಿಯಾಗಿ, ಪರೀಕ್ಷೆಯಲ್ಲಿ ಪಾಸಾಗುವವರೆಗೆ ಕೇಬಲ್ ಮುಟ್ಟುವುದಿಲ್ಲ ಎಂದರು. ಆಸ್ಪತ್ರೆಯ ಆಡಳಿತದವರಿಗೆ ಬೇಸರವಾಯಿತು. "ಹೊಸ ಸರ್ವರ್ ಬಂದು ಕೂತಿದೆ, ಇನ್ನೂ ಒಂದು ವಾರ ಯಾಕೆ?" ಎಂದು ಕೇಳಿದರು. ಮಾಮು ದನಿ ಏರಿಸದೆ, "ಸಾಹೇಬರೇ, ಈಗ ತಡವಾದರೆ ನನಗೆ ಮಾತು ಬರುತ್ತದೆ. ಆಮೇಲೆ ಏನಾದರೂ ಆದರೆ ರೋಗಿಗೆ ಉತ್ತರ ಕೊಡಲು ಯಾರ ಬಳಿಯೂ ಮಾತಿರುವುದಿಲ್ಲ" ಎಂದರು. ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದೆ. 2 ಕೆಬಿಯ ನನ್ನ ಪೆನ್ ಡ್ರೈವ್ ನೆನಪಾಗಿ ತಲೆ ಎತ್ತಲಾಗಲಿಲ್ಲ.

ದಾರಿಯಲ್ಲಿ ಚಹಾ ಕುಡಿಯುವಾಗ ಮಾಮು ಗಿಟ್‌ಲ್ಯಾಬ್ ಎಂಬ ಕಂಪನಿಯ ಕಥೆ ಹೇಳಿದರು. 2017ರ ಜನವರಿ 31ರಂದು ಅಲ್ಲಿ ಎರಡನೆಯ ಡೇಟಾಬೇಸ್ ಸರ್ವರ್‌ಗೆ ಮತ್ತೆ ಪ್ರತಿ ತುಂಬಿಸುವ ಕೆಲಸ ನಡೆದಿತ್ತು. ಎರಡನೆಯ ಸರ್ವರ್‌ನ ಫೋಲ್ಡರ್ ಅಳಿಸಬೇಕಿದ್ದ ಎಂಜಿನಿಯರ್ ತಪ್ಪಿ ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನೋಡಿದರೆ ಖಾಲಿ. ತಂತ್ರಾಂಶದ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು. ಎಚ್ಚರಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಪ್ರತಿಯಿಂದ ಉಳಿದುಕೊಂಡರು. ಆ ಆರು ಗಂಟೆಯ ದಾಖಲೆಗಳು ಹೋದವು. ಕಂಪನಿ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಬರೆದುಕೊಂಡಿತು.

"ಅವರೂ ಶಾರ್ಟ್‌ಕಟ್ ಕಾಪಿ ಮಾಡಿದ್ದರು ಬೇಟಾ" ಎಂದು ಮಾಮು ನಕ್ಕರು. ಹಲವು ತಿಂಗಳ ನಂತರ ನನ್ನ ಎದೆ ಸ್ವಲ್ಪ ಹಗುರವಾದದ್ದು ಅಂದು.

7. ನನ್ನ ನೋಟ್‌ಬುಕ್‌ನಿಂದ

ಮುಂದಿನ ಸೋಮವಾರ ಸಿ ಗೆ ಪ್ರತಿ ತುಂಬಲು ಶುರುವಾಯಿತು. ಮಂಗಳವಾರ ಸಂಜೆ ಎ ಸರ್ವರ್‌ನ ಒಂದು ಡಿಸ್ಕ್ ಮೇಲೆ ಕಿತ್ತಳೆ ದೀಪ ಹತ್ತಿತು. ಓದುವ ಹೊರೆ ತಾಳದೆ ಆ ಡಿಸ್ಕ್ ಸತ್ತಿತ್ತು. ಮಾಮು ಪ್ರತಿ ಮಾಡುವುದನ್ನು ನಿಲ್ಲಿಸಿ, ಡಿಸ್ಕ್ ಬದಲಿಸಿ, ರೇಡ್ ಮತ್ತೆ ಪೂರ್ತಿಯಾದ ಮೇಲೆ ಮುಂದುವರಿಸಿದರು. ಅಷ್ಟು ಹೊತ್ತೂ ಬಿ ಸರಿಯಾಗಿಯೇ ಇತ್ತು. ಮೊದಲ ದಾರಿ ಹಿಡಿದಿದ್ದರೆ ಬಿ ಮೂಲೆಯಲ್ಲಿ ಕೂತಿರುತ್ತಿತ್ತು. ಶನಿವಾರದ ಹೊತ್ತಿಗೆ ನಾಲ್ಕೂ ಸಮ. ಭಾನುವಾರ ರಾತ್ರಿ ವರ್ಗಾವಣೆ.

11:05 – ಎಲ್ಲ ವಾರ್ಡುಗಳಿಗೆ ತಿಳಿಸಲಾಯಿತು. ನಾಲ್ಕು ಪ್ರತಿಗಳೂ ತಾಳೆ.
11:20 – ಹೊಸದಾಗಿ ಬರೆಯುವುದನ್ನು ನಿಲ್ಲಿಸಲಾಯಿತು.
11:24 – ಸಿ ಮುಖ್ಯ ಸರ್ವರ್ ಆಯಿತು. ಸಾಮಾನ್ಯ ವಿಳಾಸ ಸಿ ಗೆ.
11:31 – ಲ್ಯಾಬ್ ವರದಿಗಳು ತೆರೆಯುತ್ತಿವೆ.
11:40 – ಎ ಬಂದ್.
11:52 – ಎಕ್ಸ್-ರೇ ಕೋಣೆಯಿಂದ ಫೋನ್. ಚಿತ್ರಗಳು ಹೋಗುತ್ತಿಲ್ಲ.

ಎಲ್ಲರ ಮುಖ ಗಂಭೀರವಾಯಿತು. ಹಿಂದಕ್ಕೆ ಹೋಗಬೇಕೇ, ಎ ಯನ್ನು ಮತ್ತೆ ಚಾಲೂ ಮಾಡಬೇಕೇ? ಮಾಮು ನನ್ನ ನೋಟ್‌ಬುಕ್ ಕೇಳಿದರು. ಲ್ಯಾಬ್ ಸರಿ ಇದೆ, ಎಕ್ಸ್-ರೇ ಮಾತ್ರ ಇಲ್ಲ. ಹಾಗಾದರೆ ತಪ್ಪು ಸಿ ಯಲ್ಲಿ ಇರಲಾರದು. ಹೋಗಿ ನೋಡಿದರೆ, ಏಳು ವರ್ಷದ ಹಿಂದೆ ಎಕ್ಸ್-ರೇ ಯಂತ್ರ ಕೂರಿಸಿದವರು ಸಾಮಾನ್ಯ ವಿಳಾಸದ ಬದಲು ಎ ಸರ್ವರ್‌ನ ಸ್ವಂತ ವಿಳಾಸವನ್ನೇ ಹಾಕಿದ್ದರು. ಎ ಇರುವವರೆಗೆ ಯಾರಿಗೂ ತಿಳಿಯಲಿಲ್ಲ. ಅದನ್ನು ಬದಲಿಸಲು ಯಂತ್ರದ ಕಂಪನಿಯವರ ಪಾಸ್‌ವರ್ಡ್ ಬೇಕು. ರಾತ್ರಿ ಅವರು ಸಿಗುವುದಿಲ್ಲ.

12:20 – ಎ ಯ ವಿಳಾಸವನ್ನು ಹೊಸ ಜೋಡಿಗೆ ಎರಡನೆಯ ಸಾಮಾನ್ಯ ವಿಳಾಸವಾಗಿ ಕೊಡಲಾಯಿತು. ಎಕ್ಸ್-ರೇ ಸರಿಯಾಯಿತು. ಯಂತ್ರದೊಳಗೆ ಕಾಯುತ್ತಿದ್ದ ಚಿತ್ರಗಳೂ ಬಂದವು.
12:25 – ಎ ಯ ಕೇಬಲ್ ಕಿತ್ತು "ಚಾಲೂ ಮಾಡಬೇಡಿ" ಎಂದು ಚೀಟಿ ಅಂಟಿಸಲಾಯಿತು.

ಚೀಟಿ ಏಕೆಂದರೆ, ಯಾರಾದರೂ ಎ ಚಾಲೂ ಮಾಡಿದರೆ ಒಂದೇ ವಿಳಾಸಕ್ಕೆ ಇಬ್ಬರು ಒಡೆಯರಾಗುತ್ತಾರೆ. ಅಬ್ಬಾ, ಚಾಚಾ ಮತ್ತು 40 ಚೀಲ ಸಿಮೆಂಟಿನ ಕಥೆ ಮತ್ತೆ ಶುರು.

12:45 – ಮಾಮು ಸಿ ಯ ವಿದ್ಯುತ್ ವೈರನ್ನು ತಾವೇ ಎಳೆದರು. ನನ್ನ ಕೈ ನಡುಗಿತು. 38 ಸೆಕೆಂಡಿನಲ್ಲಿ ಡಿ ಕೆಲಸ ಕೈಗೆತ್ತಿಕೊಂಡಿತು.

"ನಾನು ಎದುರಿಗೆ ಇರುವಾಗಲೇ ಬೀಳಲಿ. ನಾಳೆ ಓಪಿಡಿ ತುಂಬಿರುವಾಗ ಬಿದ್ದು ನೋಡುವುದು ಬೇಡ" ಎಂದರು ಮಾಮು.

ಬರೆಯಲೇಬೇಕಾದ ಒಂದು ಮಾತು: ಎಕ್ಸ್-ರೇ ಕೋಣೆಗೆ ಆ ರಾತ್ರಿ ಒಂದು ಗಂಟೆ ಸೇವೆ ಇರಲಿಲ್ಲ. ಶೇ. 99.99ರ ಲೆಕ್ಕದಲ್ಲಿ ವರ್ಷಕ್ಕೆ ಸಿಗುವ 52 ನಿಮಿಷ ಒಂದೇ ರಾತ್ರಿಯಲ್ಲಿ ಮುಗಿದು ಸಾಲವಾಯಿತು. ಮಾಮು ವರದಿಯಲ್ಲಿ ಅದನ್ನು ಹಾಗೆಯೇ ಬರೆದರು. ಮುಂದಿನ ಸಲ ಪ್ರತಿಯೊಂದು ಯಂತ್ರದ ವಿಳಾಸವನ್ನು ಮೊದಲೇ ಪಟ್ಟಿ ಮಾಡಬೇಕು ಎಂದು ಕೆಳಗೆ ಸೇರಿಸಿದರು.

ಎ ಮತ್ತು ಬಿ ಯನ್ನು ಒಂದು ತಿಂಗಳು ಹಾಗೆಯೇ ಇಟ್ಟರು. ಆಮೇಲೆ ಡಿಸ್ಕ್‌ಗಳಲ್ಲಿರುವುದನ್ನು ಪೂರ್ತಿ ಅಳಿಸಿ, ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು. ಡಿಲೀಟ್ ಒತ್ತಿದರೆ, ಬೇಗನೆ ಫಾರ್ಮ್ಯಾಟ್ ಮಾಡಿದರೆ ಮಾಹಿತಿ ನಿಜವಾಗಿ ಹೋಗುವುದಿಲ್ಲ. ಅದರ ಮೇಲೆ ಬೇರೆಯದನ್ನು ಬರೆಯಬೇಕು, ಇಲ್ಲವೇ ಡಿಸ್ಕನ್ನೇ ಪುಡಿ ಮಾಡಬೇಕು. ರೋಗಿಯ ಸ್ಕ್ಯಾನ್ ಗುಜರಿ ಅಂಗಡಿಗೆ ಹೋಗಬಾರದು.

8. ನೆನಪಿಡಬೇಕಾದ ಅಂಶಗಳು

ಒಂದು, ತೆರೆದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ.
ಎರಡು, ಹೊಸದು ನಿಂತು ತೋರಿಸುವವರೆಗೆ ಹಳೆಯದನ್ನು ಅಳಿಸಬೇಡಿ.
ಮೂರು, ಯಾವ ಹೊತ್ತಿನಲ್ಲೂ ಎರಡು ಪ್ರತಿ ಇರಲಿ, ಒಡೆಯ ಒಬ್ಬನೇ ಇರಲಿ.
ನಾಲ್ಕು, ವೇಳೆ ಸಹಿತ ಬರೆದಿಡಿ. ಕಷ್ಟದಲ್ಲಿ ನೆನಪು ಕೈಕೊಡುತ್ತದೆ, ಕಿರ್ದಿ ಕೈಕೊಡುವುದಿಲ್ಲ.
ಐದು, ಸಿದ್ಧವಿಲ್ಲದಿದ್ದರೆ "ಇಂದು ಬೇಡ" ಎನ್ನುವ ಧೈರ್ಯ ಇರಲಿ.

ಈಗ ನಮ್ಮ ಅಂಗಡಿಯಲ್ಲಿ ಲೆಕ್ಕದ ಎರಡು ಪ್ರತಿಗಳಿವೆ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯ ಕಪಾಟಿನಲ್ಲಿ. ಪ್ರತಿ ತಿಂಗಳ ಮೊದಲ ಶುಕ್ರವಾರ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು, ಉದ್ರಿಯ ಒಟ್ಟು ಮೊತ್ತವನ್ನು ಅಬ್ಬಾ ಅವರ ಕೈಬರಹದ ಕಿರ್ದಿಯ ಜೊತೆ ತಾಳೆ ನೋಡುತ್ತೇನೆ. ಅಬ್ಬಾ ಕೈಯಿಂದ ಬರೆಯುವುದನ್ನು ನಿಲ್ಲಿಸಿಲ್ಲ. ನಿಲ್ಲಿಸಿ ಎಂದು ನಾನೂ ಹೇಳುವುದಿಲ್ಲ. ಅದು ನಮ್ಮ ಮೂರನೆಯ ಸಾಕ್ಷಿ.

ಯೋಚಿಸಿ ನೋಡಿ

1. ಒಂದು ಸರ್ವರ್ ಶೇ. 98 ಸಮಯ ಸರಿಯಾಗಿದ್ದರೆ, ಪರಸ್ಪರ ಸ್ವತಂತ್ರವಾದ ಅಂಥ ಎರಡು ಸರ್ವರ್‌ಗಳಿಂದ ಎಷ್ಟು ಶೇಕಡಾ ಸಮಯ ಸೇವೆ ಸಿಗುತ್ತದೆ? ವರ್ಷಕ್ಕೆ ಎಷ್ಟು ಗಂಟೆ ನಿಲ್ಲಬಹುದು?
2. 4,50,000 ರೂಪಾಯಿಯ ಸರ್ವರ್‌ಗೆ ಶೇ. 5 ಉಳಿಕೆ ಮೌಲ್ಯ, 6 ವರ್ಷ ಬಾಳಿಕೆ. ಸ್ಥಿರ ಕಂತಿನ ವಿಧಾನದಲ್ಲಿ ವಾರ್ಷಿಕ ಸವಕಳಿ ಎಷ್ಟು?
3. ರೇಡ್, ಕ್ಲಸ್ಟರ್ ಮತ್ತು ಬ್ಯಾಕಪ್ ಯಾವ ಯಾವ ಅಪಾಯದಿಂದ ಕಾಪಾಡುತ್ತವೆ? ತಲಾ ಒಂದು ಉದಾಹರಣೆ ಕೊಡಿ.
4. ಇಂದು ಸಂಜೆ ಮನೆಗೆ ಹೋಗಿ ನಿಮ್ಮ ಪೆನ್ ಡ್ರೈವ್ ತೆರೆದು ನೋಡಿ. ಕಡತದ ಗಾತ್ರ ಎಷ್ಟಿದೆ?